ಎತ್ತಿಡುವ ಕೆಲಸ

ನನ್ನ ಮನೆಗೆ ಬಂದವರ ಕಣ್ಣಿಗೆ ಮೊದಲು ಬೀಳುವುದು ಜಗಲಿಯ ಮೇಲೆ ಚೆಲ್ಲಾಪಿಲ್ಲಿಯಾಗಿ ಬಿದ್ದಿರುವ ಸಾಮಾನು. ಕತ್ತಿ, ಕೊಡೆ, ನೀರಿನ ಚೊಂಬು, ಮೊಮ್ಮಗನ ಬ್ಯಾಟು, ಕಾಫಿ ಕುಡಿದಿಟ್ಟ ಗಾಜಿನ ಲೋಟ. ನನ್ನ ಸೊಸೆ ನೆಂಟರ ಎದುರು ನಾಚಿಕೊಂಡು, 'ಅತ್ತೆ ತಾವೂ ಎತ್ತಿಡಲ್ಲ, ನಮಗೂ ಎತ್ತಿಡೋಕೆ ಬಿಡಲ್ಲ' ಅನ್ನುತ್ತಾಳೆ. ನಿಜವೇ. ಮೂವತ್ತು ವರ್ಷ ಶಾಲೆಯಲ್ಲಿ ಮಕ್ಕಳಿಗೆ ಅಚ್ಚುಕಟ್ಟುತನ ಬೋಧಿಸಿ ಸಂಬಳ ತಿಂದವಳು ನಾನು, ಆದರೆ ಮನೆಗೆ ಬಂದರೆ ಚಪ್ಪಲಿಯನ್ನು ಎರಡು ದಿಕ್ಕಿಗೆ ಬಿಟ್ಟೇ ಒಳಗೆ ಕಾಲಿಡುವುದು. ಇದು ಸೋಮಾರಿತನವಲ್ಲ. ನನ್ನ ಪಾಲಿನ ಎತ್ತಿಡುವ ಕೆಲಸವನ್ನೆಲ್ಲ ನಾನು ಒಂಬತ್ತು ವರ್ಷ ತುಂಬುವಷ್ಟರಲ್ಲಿ ಮಾಡಿ ಮುಗಿಸಿದ್ದೇನೆ. ಆಮೇಲಿನ ಈ ಗಲೀಜು ಮಡಿಕೇರಿಯ ಕೋರ್ಟಿನಲ್ಲಿ ಗೆದ್ದು ತಂದದ್ದು. ಯಾರಾದರೂ ಬಂದು ನನ್ನ ಜಗಲಿ ಓರಣ ಮಾಡಲು ಹೊರಟರೆ ಈ ವಯಸ್ಸಿನಲ್ಲೂ ಜಗಳಕ್ಕೆ ನಿಲ್ಲುತ್ತೇನೆ.

ನಾನು ಹುಟ್ಟಿದ ಮನೆ ಸೋಮವಾರಪೇಟೆಯಿಂದ ನಾಲ್ಕು ಮೈಲಿ ದೂರದಲ್ಲಿತ್ತು. ಮುಂದೆ ಕಾಫಿ, ಹಿಂದೆ ಏಲಕ್ಕಿ, ನಡುವೆ ಮನೆ. ಊರಿನವರು ಅದನ್ನು ದೊಡ್ಡಮನೆ ಅನ್ನುತ್ತಿದ್ದರು. ಬೆಳಿಗ್ಗೆ ಎದ್ದರೆ ದೇವರಕೋಣೆಯಲ್ಲಿ ಅಪ್ಪನ ಲಿಂಗಪೂಜೆ. ಅಂಗೈಯಲ್ಲಿ ಲಿಂಗ ಇಟ್ಟುಕೊಂಡು, ಹಣೆಗೆ ಮೂರು ಬೆರಳು ವಿಭೂತಿ ಎಳೆದು ಕೂತರೆ ಅಪ್ಪನಷ್ಟು ಶಾಂತವಾದ ಮನುಷ್ಯ ಇನ್ನೊಬ್ಬರಿಲ್ಲ ಅನ್ನಿಸುತ್ತಿತ್ತು. ಪೂಜೆ ಮುಗಿಸಿ ಅಡಿಗೆಮನೆಗೆ ಬಂದು ಕಡುಬು ಮುರಿದು ತುಪ್ಪದಲ್ಲಿ ಅದ್ದಿ ಮೊದಲ ತುತ್ತು ನನ್ನ ಬಾಯಿಗೆ ಇಡುತ್ತಿದ್ದರು. ಕಿತ್ತಳೆ ಕಾಲದಲ್ಲಿ ತೋಟದಿಂದ ಹಣ್ಣು ತಂದು ಸಿಪ್ಪೆ ಸುಲಿದು, ತೊಳೆಯ ಮೇಲಿನ ಬಿಳಿ ನಾರನ್ನು ಒಂದೊಂದೇ ಬಿಡಿಸಿ ಕೊಡುತ್ತಿದ್ದರು. ನನ್ನ ಮೈಮೇಲೆ ಅಪ್ಪ ಒಂದು ದಿನವೂ ಕೈ ಎತ್ತಲಿಲ್ಲ. ಇದನ್ನು ಈಗಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಅವರ ವಕೀಲರು ಹಿಡಿದುಕೊಂಡದ್ದು ಇದನ್ನೇ.

ಏಟೆಲ್ಲ ಅವ್ವನಿಗೆ. ಸೋಮವಾರ ಸಂತೆಗೆ ಹೋದ ಅಪ್ಪ ಇಳಿಹೊತ್ತಿಗೆ ತಿರುಗಿ ಬರುವಾಗ ಬೇರೆ ಮನುಷ್ಯರಾಗಿರುತ್ತಿದ್ದರು. ಏಲಕ್ಕಿ ಧಾರಣೆ ಬಿದ್ದರೂ ಕಾರಣ, ಏರಿದರೂ ಕಾರಣ, ಸಾರಿನಲ್ಲಿ ಉಪ್ಪು ಸರಿಯಿದ್ದರೂ ಕಾರಣ. ಕೈಗೆ ಸಿಕ್ಕಿದ್ದನ್ನು ಎತ್ತಿ ಬೀಸುವುದು ಅವರ ರೀತಿ. ಅದಕ್ಕೇ ನಮ್ಮ ಮನೆಯಲ್ಲಿ ಗಾಜಿನದಾಗಲಿ ಪಿಂಗಾಣಿಯದಾಗಲಿ ಒಂದು ಸಾಮಾನೂ ಉಳಿದಿರಲಿಲ್ಲ. ಇದ್ದದ್ದೆಲ್ಲ ಹಿತ್ತಾಳೆ, ತಾಮ್ರ. ಎಲ್ಲ ನಗ್ಗಿದವು. ಯಾವ ಚೊಂಬು ಯಾವ ಹಬ್ಬದಲ್ಲಿ ನಗ್ಗಿತು ಎಂದು ನಾನು ಮುಟ್ಟಿ ಹೇಳುತ್ತಿದ್ದೆ.

ಎತ್ತಿಡುವ ಕೆಲಸ ಶುರುವಾದದ್ದು ನನಗೆ ಐದು ವರ್ಷ ಇದ್ದಾಗ. ಯಾರೂ ಕಲಿಸಲಿಲ್ಲ. ಕೈಗೆ ಏನೂ ಸಿಗದಿದ್ದರೆ ಅಪ್ಪ ಬರೀ ಬೈದು, ಬಾಗಿಲು ಒದ್ದು, ಸುಸ್ತಾಗಿ ಕೂರುತ್ತಾರೆ ಎಂಬುದನ್ನು ನಾನೇ ಕಂಡುಕೊಂಡೆ. ಅಲ್ಲಿಂದ ಶುರು. ಗೇಟಿನ ಹತ್ತಿರ ಅವರ ಕೆಮ್ಮು ಕೇಳಿದ ಕೂಡಲೇ ಮೊದಲು ಭಾರದ ಸಾಮಾನು ಎತ್ತಬೇಕು: ಅಕ್ಕಿ ಅಳೆಯುವ ಹಿತ್ತಾಳೆ ಸೇರು, ಚೊಂಬು, ಕುಟ್ಟಾಣಿ. ಆಮೇಲೆ ಉದ್ದದವು: ಬೆತ್ತ, ಕೊಡೆ, ಊದುಕೊಳವೆ. ಕೊನೆಗೆ ದೀಪ. ಓಡಬಾರದು, ಸದ್ದು ಮಾಡಬಾರದು. ಎಲ್ಲವೂ ಅಕ್ಕಿ ಕಣಜದ ಹಿಂದೆ ಹೋಗಬೇಕು. ತಂಗಿ ನೀಲಾ ನಡೆಯಲು ಕಲಿತ ಮೇಲೆ ಅವಳನ್ನೂ ಮಂಚದ ಕೆಳಗೆ ದಾಟಿಸಬೇಕು. ಅಪ್ಪ ಜಗಲಿ ಹತ್ತುವಷ್ಟರಲ್ಲಿ ನಮ್ಮ ನಡುಮನೆ ಗುಡಿಸಿ ಒರೆಸಿ ಇಟ್ಟ ಮಠದ ಅಂಗಳ. ಬಂದ ನೆಂಟರೆಲ್ಲ ಅವ್ವನನ್ನು ಹೊಗಳುತ್ತಿದ್ದರು. 'ಏನು ಅಚ್ಚುಕಟ್ಟು ಕಣವ್ವಾ ನಿನ್ನ ಮನೆ!' ಅಪ್ಪನಿಗೂ ಅದರ ಹೆಮ್ಮೆ ಇತ್ತು.

ನನಗೆ ಎಂಟು ತುಂಬಿದ ವರ್ಷ ಒಂದು ಸೋಮವಾರ ಜ್ವರ ಬಂತು. ಕಂಬಳಿ ಹೊದ್ದು ಮಲಗಿದ್ದವಳಿಗೆ ಗೇಟಿನ ಕೆಮ್ಮು ಕೇಳಿಸಲಿಲ್ಲ. ಎಚ್ಚರವಾದಾಗ ಸೇರು ನೆಲದ ಮೇಲೆ ಉರುಳುತ್ತಿತ್ತು. ಅವ್ವ ಎಡಗೈಯನ್ನು ಮಡಿಲಲ್ಲಿ ಇಟ್ಟುಕೊಂಡು ಗೋಡೆಗೆ ಒರಗಿ ಕೂತಿದ್ದಳು. ಮಣಿಕಟ್ಟು ಆಗಲೇ ಊದಿತ್ತು. ನಾನು ತೆವಳಿಕೊಂಡು ಹತ್ತಿರ ಹೋಗಿ ಅಳತೊಡಗಿದೆ.

"ಅವ್ವಾ, ತಪ್ಪಾಯ್ತವ್ವಾ. ಸೇರು ಎತ್ತಿಡೋಕೆ ಆಗ್ಲಿಲ್ಲ ನನ್ಗೆ. ಇನ್ಮೇಲೆ ಜ್ವರ ಬಂದ್ರೂ ಎದ್ದು ಎತ್ತಿಡ್ತೀನಿ."

ಅವ್ವ ಹತ್ತು ವರ್ಷ ಏಟು ತಿಂದು ಒಂದು ಮಾತಾಡಿದವಳಲ್ಲ. ಆದರೆ ಈ ಮಾತನ್ನು ಅವಳಿಗೆ ನುಂಗಲಾಗಲಿಲ್ಲ. ಎಷ್ಟೋ ವರ್ಷದ ಮೇಲೆ ನನ್ನ ಮಗಳಿಗೆ ಜಡೆ ಹಾಕುತ್ತಾ, 'ಕೈ ಮುರಿದಿದ್ದಕ್ಕೆ ನಾನು ಮನೆ ಬಿಡಲಿಲ್ಲ ಕಣೆ, ನಿನ್ನವ್ವ ಕ್ಷಮೆ ಕೇಳಿದ್ದಕ್ಕೆ ಬಿಟ್ಟೆ' ಎಂದಳಂತೆ.

ಬೆಳಿಗ್ಗೆ ಸುಂಟಿಕೊಪ್ಪಕ್ಕೆ ಹೋಗಿ ಅಣ್ಣನಿಗೆ ಹೇಳಿ ಕೈ ಕಟ್ಟಿಸಿಕೊಂಡು ಬರುತ್ತೇನೆ ಎಂದು ಹೇಳಿ ಅವ್ವ ನಮ್ಮಿಬ್ಬರನ್ನೂ ಹೊರಡಿಸಿದಳು. ಅಪ್ಪ ತೋಟದಲ್ಲಿದ್ದರು. ಅಪ್ಪನ ತಾಯಿ, ನಮ್ಮಜ್ಜಿ, ಏನನ್ನೋ ಊಹಿಸಿರಬೇಕು. ನನ್ನನ್ನು ದೇವರಕೋಣೆಗೆ ಎಳೆದುಕೊಂಡು ಹೋಗಿ, ತನ್ನ ಕೊರಳಿನ ಕರಡಿಗೆಯನ್ನು, ಎಂದರೆ ಲಿಂಗ ಇಟ್ಟ ಬೆಳ್ಳಿಯ ಭರಣಿಯನ್ನು, ನನ್ನ ಕೈಯಲ್ಲಿ ಮುಟ್ಟಿಸಿದಳು.

"ಅಪ್ಪ ಹೊಡೀತಾರೆ ಅಂತ ಯಾರ ಮುಂದೂ ಬಾಯಿ ಬಿಡಲ್ಲ ಅನ್ನು. ಲಿಂಗ ಮುಟ್ಟಿ ಅನ್ನು ಮಗಾ."

ಅಂದೆ. ಅಜ್ಜಿಯ ಮೇಲೆ ನನಗೆ ಸಿಟ್ಟಿಲ್ಲ. ಅವಳ ಎಡಗಿವಿ ಕೇಳಿಸುತ್ತಿರಲಿಲ್ಲ, ಅದು ಯಾವಾಗಿನಿಂದ ಎಂದು ನಾವು ಯಾರೂ ಕೇಳಿರಲಿಲ್ಲ. ಆದರೆ ಲಿಂಗ ಮುಟ್ಟಿ ಆಡಿದ ಮಾತು ತಪ್ಪುವುದು ನಮ್ಮ ಜನರಲ್ಲಿ ದೊಡ್ಡವರಿಂದಲೇ ಆಗುವ ಕೆಲಸವಲ್ಲ, ಇನ್ನು ಎಂಟು ವರ್ಷದವಳ ಪಾಡೇನು?

ನನ್ನ ಮಾವ, ಅವ್ವನ ಅಣ್ಣ, ಸುಂಟಿಕೊಪ್ಪದ ಹತ್ತಿರದ ಒಂದು ಎಸ್ಟೇಟಿನಲ್ಲಿ ರೈಟರಾಗಿದ್ದರು. ಆಳುಗಳ ಹಾಜರಿ ಬರೆಯುವ ಕೆಲಸ. ಮದುವೆಯಾಗಿರಲಿಲ್ಲ. ಆಳುಗಳ ಸಾಲುಮನೆಗಳಾದ ಲೈನುಗಳ ಪಕ್ಕದಲ್ಲಿ ಎರಡು ಕೋಣೆಯ ಮನೆ, ಒಂದು ಮಂಚ, ಒಂದು ಸ್ಟೂಲು. ಅವರು ಮಾಡುವ ಉಪ್ಪಿಟ್ಟನ್ನು ಕೋಳಿಗಳೂ ಯೋಚನೆ ಮಾಡಿ ತಿನ್ನುತ್ತಿದ್ದವು. ನಮ್ಮನ್ನು ನೋಡಿ ಏನಾಯಿತೆಂದು ಕೇಳಲಿಲ್ಲ. ಅವ್ವನ ಕೈ ನೋಡಿದರು, ಮಂಚ ನಮಗೆ ಬಿಟ್ಟುಕೊಟ್ಟು ಚಾಪೆ ಎಳೆದುಕೊಂಡು ಹೊರಕೋಣೆಗೆ ಹೋದರು. ಕೈ ಕೂಡಿದ ಮೇಲೆ ಅವ್ವ ಎಸ್ಟೇಟಿನ ಕಣದಲ್ಲಿ ಕಾಫಿ ಬೀಜ ಆರಿಸುವ ಹೆಂಗಸರ ಸಾಲಿನಲ್ಲಿ ಕೂತಳು. ಎಡಕ್ಕೆ ಮಲಯಾಳಂ, ಬಲಕ್ಕೆ ತಮಿಳು, ಎದುರಿಗೆ ತುಳು. ಒಂದು ತಿಂಗಳಲ್ಲಿ ಕನ್ನಡವೂ ಸೇರಿ ನಾಲ್ಕೂ ಭಾಷೆಯಲ್ಲಿ ನಗುವುದನ್ನು ಕಲಿತಳು. ಅವ್ವನಿಗೆ ಬಾಯಿಬಿಟ್ಟು ನಗಲು ಬರುತ್ತದೆ ಎಂಬುದು ನನಗೆ ಗೊತ್ತಾದದ್ದೇ ಆ ಕಣದಲ್ಲಿ.

ಅಷ್ಟರಲ್ಲಿ ಕೋರ್ಟಿನ ನೋಟೀಸು ಬಂತು. ಹೆಣ್ಣುಮಕ್ಕಳಿಬ್ಬರನ್ನೂ ತಮ್ಮ ವಶಕ್ಕೆ ಕೊಡಿಸಬೇಕೆಂದು ಅಪ್ಪ ಅರ್ಜಿ ಹಾಕಿದ್ದರು. ಕೊಡಗು ಮೈಸೂರಿಗೆ ಸೇರಿ ಆಗಿನ್ನೂ ಹೆಚ್ಚು ಕಾಲವಾಗಿರಲಿಲ್ಲ. ಈಗಿನಂತೆ ಕುಟುಂಬದ ವ್ಯಾಜ್ಯಕ್ಕೆ ಬೇರೆ ನ್ಯಾಯಾಲಯವೂ ಇರಲಿಲ್ಲ. ತೋಟದ ಬೇಲಿ ಜಗಳ ಕೇಳುವ ಜಡ್ಜರೇ ನಮ್ಮದನ್ನೂ ಕೇಳಬೇಕು. ನಮ್ಮ ವಕೀಲರು ಕೊಡವರು, ವಯಸ್ಸಾದವರು, ಸುತ್ತಿ ಬಳಸಿ ಹೇಳುವವರಲ್ಲ.

"ನೋಡಮ್ಮ, ಹೊಸ ಕಾನೂನು ಬಂದಿದೆ. ಐದು ವರ್ಷದ ಒಳಗಿನ ಮಗು ಸಾಮಾನ್ಯವಾಗಿ ತಾಯಿ ಹತ್ರ. ಚಿಕ್ಕವಳು ನಿನಗೆ ಸಿಕ್ತಾಳೆ, ಬಿಡು. ದೊಡ್ಡವಳಿಗೆ ತಂದೆಯೇ ಗಾರ್ಡಿಯನ್. ಅವಳಿಗೆ ಅಲ್ಲಿ ಕೆಡುಕು ಉಂಟು ಅಂತ ನಾವು ತೋರಿಸ್ಬೇಕು."

"ನನ್ನ ಕೈ ಮುರಿದಿರೋದು ಸಾಲ್ದಾ ಸ್ವಾಮಿ?"

"ಅದು ನಿನ್ನ ಕೈ. ಮಗುವಿನದ್ದಲ್ಲ ಅಂತ ಹೇಳ್ತಾರೆ."

ಅವ್ವನ ಸೆರಗು ಹಿಡಿದು ನಿಂತಿದ್ದ ನನಗೆ ಪೂರ್ತಿ ಅರ್ಥವಾಯಿತು. ನೀಲಾ ಇಲ್ಲಿ, ನಾನು ಅಲ್ಲಿ. ಅವ್ವನಿಲ್ಲದ ಆ ಮನೆಯಲ್ಲಿ ನಾನೊಬ್ಬಳೇ ಗೇಟಿನ ಕೆಮ್ಮಿಗೆ ಕಾಯಬೇಕು.

ಸಾಕ್ಷಿ ಬೇಕು ಎಂದಿದ್ದೇ ತಡ, ಮಾವ ತಮಗೆ ಗೊತ್ತಿದ್ದ ಒಂದೇ ವಿದ್ಯೆಯನ್ನು ಪ್ರಯೋಗಿಸಿದರು. ಅವ್ವನನ್ನು ಎದುರಿಗೆ ಕೂರಿಸಿಕೊಂಡು, ನೆನಪಿದ್ದ ಏಟುಗಳನ್ನೆಲ್ಲ ಕೇಳಿ ಕೇಳಿ, ಎಸ್ಟೇಟಿನ ಹಾಜರಿ ಪುಸ್ತಕದ ಮಾದರಿಯಲ್ಲೇ ಗೆರೆ ಎಳೆದು ಪಟ್ಟಿ ಮಾಡಿದರು. ತಿಂಗಳಿಗೊಂದು ಹಾಳೆ, ದಿನಕ್ಕೊಂದು ಮನೆ. ದೊಡ್ಡ ಏಟಿಗೆ ಪೂರ್ತಿ ಗುರುತು, ಸಣ್ಣದಕ್ಕೆ ಅರ್ಧ ಗುರುತು. ಮುತ್ತಿನಂಥ ಅಕ್ಷರ. ಒಂದು ಭಾನುವಾರ ಕೂತು ಹತ್ತು ವರ್ಷದ್ದನ್ನು ಮುಗಿಸಿಬಿಟ್ಟರು. ಅಷ್ಟೇ ಮಾಡಿದ್ದರೆ ಆಗುತ್ತಿತ್ತು. ಆದರೆ ಆಯಾ ದಿನವೇ ಬರೆದಿಟ್ಟದ್ದು ಎಂದು ಕೋರ್ಟು ನಂಬಲಿ ಅಂತ ಹಾಳೆಗಳನ್ನು ಒಲೆಯ ಹೊಗೆಗೆ ಹಿಡಿದು ಹಳದಿ ಮಾಡಿದರು. ನಮ್ಮ ವಕೀಲರಿಗೂ ತಿಳಿಸಲಿಲ್ಲ. ರೈಟರು ಬರೆದ ಹಾಜರಿಯನ್ನು ಎಸ್ಟೇಟಿನ ದೊರೆಯೇ ಪ್ರಶ್ನಿಸುವುದಿಲ್ಲ, ಕೋರ್ಟು ಪ್ರಶ್ನಿಸುತ್ತದೆಯೇ ಎಂಬುದು ಅವರ ಧೈರ್ಯ.

ಪ್ರಶ್ನಿಸಿತು. ಮಡಿಕೇರಿ ಕೋಟೆಯೊಳಗಿನ ಕೋರ್ಟಿನಲ್ಲಿ ಅಪ್ಪನ ವಕೀಲರು ಆ ಹಾಳೆಗಳನ್ನು ಮೂಗಿನ ಹತ್ತಿರ ಹಿಡಿದು ಮೂಸಿದರು.

"ರೈಟರೇ, ಹತ್ತು ವರ್ಷವೂ ಒಂದೇ ಮಸಿ, ಒಂದೇ ನಿಬ್ಬು. ಹೊಗೆ ವಾಸನೆ ಮಾತ್ರ ಇನ್ನೂ ಹೊಸದು. ಇದು ಹೆಂಡತಿಯ ಕಷ್ಟವೋ, ನಿಮ್ಮ ಪಿಕ್ಕಿಂಗಿನ ಆಳುಗಳ ಹಾಜರಿಯೋ?"

ಕೋರ್ಟಿನಲ್ಲಿದ್ದವರೆಲ್ಲ ನಕ್ಕರು. ಮಾವ ಬೆವರಿ ಒದ್ದೆಯಾಗಿ ಕಟಕಟೆ ಇಳಿದರು. ನಿಜವಾದ ಏಟೂ ಆ ಹೊಗೆಯಲ್ಲಿ ಸುಳ್ಳಾಗಿ ಹೋಯಿತು. ಅದಕ್ಕೂ ಮೊದಲೇ ಕಟಕಟೆಯಲ್ಲಿ ನಿಂತು, ಮೈಮೇಲೆ ಬಿದ್ದದ್ದನ್ನು ಬಾಯಲ್ಲಿ ಹೇಳಿ ಬಂದಿದ್ದ ಅವ್ವನ ಮಾತಿಗೂ ಈಗ ತೂಕವಿಲ್ಲ. ಅಪ್ಪನ ವಕೀಲರು ಗಂಟಲು ಸರಿಮಾಡಿಕೊಂಡು ಮುಂದುವರಿಸಿದರು. ಗಂಡ ಹೆಂಡಿರ ನಡುವೆ ಒಂದು ಮಾತು ಬಂದಿರಬಹುದು, ಒಂದು ಏಟೂ ಬಿದ್ದಿರಬಹುದು. ಮಗುವಿಗೆ ಮಾತ್ರ ತಂದೆ ಉಗುರೂ ತಾಗಿಸಿಲ್ಲ. ಒಂದು ಕಡೆ ಆ ದೊಡ್ಡಮನೆ, ಇನ್ನೊಂದು ಕಡೆ ಮದುವೆಯಿಲ್ಲದ ಮಾವನ ಎರಡು ಕೋಣೆ. ದೊಡ್ಡಮನೆಯ ಶಿಸ್ತನ್ನು ನೋಡಿಯೇ ತಿಳಿಯಬೇಕು, ಒಂದು ಸಾಮಾನು ಆಚೀಚೆ ಇರುವುದಿಲ್ಲ, ಅಂಥಾ ವಾತಾವರಣದಲ್ಲಿ ಬೆಳೆದ ಮಗು. ಅಪ್ಪ ತಲೆಯಾಡಿಸುತ್ತಿದ್ದರು. ಅವರ ಕಣ್ಣಲ್ಲಿ ನೀರಿತ್ತು, ಸುಳ್ಳು ನೀರೇನಲ್ಲ.

ಜಡ್ಜರು ಮೈಸೂರು ಕಡೆಯವರು, ಬೊಕ್ಕತಲೆ, ಮೆಲುಮಾತು. ಮಕ್ಕಳನ್ನು ತಾವೇ ಮಾತಾಡಿಸುವುದಾಗಿ ಹೇಳಿ ನನ್ನನ್ನೂ ನೀಲಾಳನ್ನೂ ತಮ್ಮ ಕೋಣೆಗೆ ಕರೆಸಿದರು. ಇಬ್ಬರು ವಕೀಲರೂ ಗೋಡೆಯ ಹತ್ತಿರ ಕುರ್ಚಿಯಲ್ಲಿ ಕೂತರು. ದೊಡ್ಡ ಮೇಜು. ಅದರ ಮೇಲೆ ಕಾಗದ ಹಾರದಂತೆ ಇಟ್ಟ ಗಾಜಿನ ಗುಂಡು, ಮಸಿ ಕುಡಿಕೆ, ಹಿತ್ತಾಳೆಯ ಕರೆಗಂಟೆ, ಗೆರೆ ಎಳೆಯುವ, ಕಪ್ಪಗೆ ಮಿರುಗುವ ರೂಲು ದೊಣ್ಣೆ. ಮೂಲೆಯಲ್ಲಿ ಅವರ ಬೆತ್ತ. ಒಳಗೆ ಕಾಲಿಟ್ಟ ಕೂಡಲೇ ನಾನು ಎಲ್ಲವನ್ನೂ ಎಣಿಸಿಕೊಂಡೆ, ಅದು ನನ್ನ ಅಭ್ಯಾಸ.

"ನಿನ್ನ ಹೆಸರೇನಮ್ಮ?"

"ಗಿರಿಜಾ."

"ಅಪ್ಪ ನಿನ್ನ ಹೊಡೆದಿದ್ದಾರೇನಮ್ಮ?"

"ಇಲ್ಲ. ಕಿತ್ತಳೆ ಸುಲ್ದು ಕೊಡ್ತಾರೆ."

"ಅಮ್ಮನನ್ನ?"

ಅಂಗೈಗೆ ಇನ್ನೂ ಅಜ್ಜಿಯ ಕರಡಿಗೆಯ ತಣ್ಣನೆ ಬೆಳ್ಳಿ ತಾಗಿದ ಹಾಗಿತ್ತು. ಜಡ್ಜರು ಇನ್ನೊಮ್ಮೆ ಕೇಳಿದರು, ಮತ್ತೊಮ್ಮೆ ಕೇಳಿದರು. ನಾನು ಹೆಬ್ಬೆರಳಿನಿಂದ ನೆಲ ಗೀರುತ್ತಾ ನಿಂತೆ. ಅಪ್ಪನ ವಕೀಲರು ಕಾಲಮೇಲೆ ಕಾಲು ಹಾಕಿಕೊಂಡರು. ನಮ್ಮ ವಕೀಲರು ಕನ್ನಡಕ ತೆಗೆದು ಒರೆಸತೊಡಗಿದರು. ಕೇಸು ಮುಗಿದೇ ಹೋಗಿತ್ತು.

ಆಗ ಹೊರಗಿನ ಜಗಲಿಯಲ್ಲಿ ಕೆಮ್ಮು ಕೇಳಿತು. ಹಿಂದೆಯೇ ಅಪ್ಪನ ದನಿ, ಮಾವನ ಮೇಲೆ.

"ನನ್ನ ಮಕ್ಕಳ ತಲೆ ಕೆಡ್ಸಿ ಕೋರ್ಟಿಗೆ ಎಳ್ಕಂಡ್ ಬಂದ್ಯಾ? ಮಾಡ್ತೀನಿ ಇರು ನಿಂಗೆ!"

ಮುಂದಿನದನ್ನು ನಾನು ಯೋಚಿಸಿ ಮಾಡಲಿಲ್ಲ. ಗಾಜಿನ ಗುಂಡು ಎತ್ತಿ ಫೈಲುಗಳ ಕಟ್ಟಿನ ಹಿಂದೆ ಇಟ್ಟೆ. ಕರೆಗಂಟೆಯ ಮೇಲೆ ಅಂಗೈ ಮುಚ್ಚಿ, ಸದ್ದಾಗದಂತೆ ಎತ್ತಿ ಅದರ ಪಕ್ಕ ಸೇರಿಸಿದೆ. ರೂಲು ದೊಣ್ಣೆ ಬೀರುವಿನ ಸಂದಿಗೆ. ಮೂಲೆಯ ಬೆತ್ತ ಬೀರುವಿನ ಹಿಂದಕ್ಕೆ. ಮಸಿ ಕುಡಿಕೆಯನ್ನು ಎರಡೂ ಕೈಯಲ್ಲಿ ಹಿಡಿದು ಗೋಡೆಯ ಬುಡದಲ್ಲಿಟ್ಟೆ. ಓಡಲಿಲ್ಲ, ಒಂದು ತೊಟ್ಟು ಚೆಲ್ಲಲಿಲ್ಲ. ತಂಗಿಯನ್ನು ದಾಟಿಸಲು ತಿರುಗಿದರೆ ಅವಳು ಕಾಣಲಿಲ್ಲ. ಮೂರು ವರ್ಷದ ನೀಲಾ, ಯಾರೂ ಹೇಳದೆ, ತಾನಾಗಿಯೇ ಜಡ್ಜರ ಮೇಜಿನ ಕೆಳಗೆ ನುಸುಳಿ, ತನ್ನ ಬಾಯಿಗೆ ತಾನೇ ಕೈ ಅಡ್ಡ ಹಿಡಿದು ಕೂತಿದ್ದಳು.

ಜಡ್ಜರು ಕುರ್ಚಿಯಿಂದ ಅಲುಗಲಿಲ್ಲ. ಬಹಳ ಮೆತ್ತಗೆ ಕೇಳಿದರು.

"ಏನಮ್ಮ ಮಾಡ್ತಿದ್ದೀಯ?"

"ಎತ್ತಿಡ್ತಿದೀನಿ."

"ಯಾಕಮ್ಮ?"

"ಅಪ್ಪ ಬಂದ್ರು."

"ಅಪ್ಪ ಬಂದರೆ?"

"ಬಂದ್ರೆ ಎಲ್ಲಾ ಎತ್ತಿಡ್ಬೇಕು. ನಮ್ಮನೇಲಿ ಹಂಗೇ."

"ಯಾರು ಎತ್ತಿಡೋದು?"

"ನಾನೇ. ಜ್ವರ ಬಂದಾಗ ಒಂದ್ಸಲ ಎತ್ತಿಡ್ಲಿಲ್ಲ. ಅವತ್ತೇ ಅವ್ವನ ಕೈ..."

ಬಾಯಿ ಕಚ್ಚಿಕೊಂಡೆ. ಕೊಟ್ಟ ಮಾತು ತಪ್ಪಿದೆನೋ ಇಲ್ಲವೋ ಎಂದು ಈಗಲೂ ಒಮ್ಮೊಮ್ಮೆ ಲೆಕ್ಕ ಹಾಕುತ್ತೇನೆ. ಹೊಡೆಯುತ್ತಾರೆ ಎಂಬ ಮಾತನ್ನಂತೂ ಆಡಲಿಲ್ಲ. ಶಿವನಿಗೆ ಅಷ್ಟು ಸಾಕಾಗಿರಬೇಕು, ಈವರೆಗೆ ನನ್ನನ್ನು ಚೆನ್ನಾಗಿಯೇ ಇಟ್ಟಿದ್ದಾನೆ.

ಯಾವುದನ್ನೂ ತಿರುಗಿ ಮೇಜಿನ ಮೇಲಿಡಬಾರದೆಂದು ಜಡ್ಜರು ಜವಾನನಿಗೆ ಹೇಳಿ, ಅಪ್ಪನನ್ನು ಒಳಗೆ ಕರೆಸಿದರು. ಅಪ್ಪ ಬಾಗಿಲಲ್ಲೇ ನಿಂತರು. ಬರಿದಾದ ಮೇಜು ನೋಡಿದರು. ಮೂಲೆ ನೋಡಿದರು. ಮೇಜಿನ ಕೆಳಗಿನಿಂದ ನೀಲಾಳ ಲಂಗದ ಅಂಚು ಕಾಣುತ್ತಿತ್ತು, ಅದನ್ನೂ ನೋಡಿದರು.

"ನಿಮ್ಮ ಮನೆ ಬಹಳ ಅಚ್ಚುಕಟ್ಟು ಅಂತ ನಿಮ್ಮ ವಕೀಲರು ಹೇಳಿದರು" ಎಂದರು ಜಡ್ಜರು. "ಅದು ಹೇಗೆ ಅಂತ ಈಗ ಗೊತ್ತಾಯಿತು. ನಿಮಗೆ ಗೊತ್ತಿತ್ತೇ?"

ಅಪ್ಪನಿಗೆ ಗೊತ್ತಿರಲಿಲ್ಲ. ಅದು ಅವರ ಮುಖದಲ್ಲೇ ಇತ್ತು. ಮೂರು ವರ್ಷ ನಾನು ಮಾಡಿದ ಕೆಲಸವನ್ನು ಅವರು ಮೊದಲ ಸಲ ನೋಡಿದ್ದು ಅಲ್ಲಿ, ಇನ್ನೊಬ್ಬರ ಕೋಣೆಯಲ್ಲಿ. ತಲೆ ತಗ್ಗಿಸಿದರು.

ತೀರ್ಪು ಇಂಗ್ಲಿಷಿನಲ್ಲಿತ್ತು. ನಮ್ಮ ವಕೀಲರು ಕೋರ್ಟಿನ ಮೆಟ್ಟಿಲ ಮೇಲೆ ಕೂತು ಅವ್ವನಿಗೆ ಕನ್ನಡದಲ್ಲಿ ಹೇಳಿದರು. ಮಾವನ ಹಾಳೆಗಳನ್ನು ಜಡ್ಜರು ಮೂಲೆಗೆ ತಳ್ಳಿದ್ದರು. ಮಗುವಿನ ಮೇಲೆ ಕೈ ಎತ್ತಿಲ್ಲ ಎಂಬ ವಾದವನ್ನು ಒಪ್ಪಿ, ಒಪ್ಪಿದ ಮೇಲೂ ಒಂದು ಮಾತು ಬರೆದಿದ್ದರು: ತಾಯಿಗೆ ಬೀಳುವ ಪ್ರತಿ ಏಟನ್ನು ತಪ್ಪಿಸಲು ಈ ಮಗು ದುಡಿದಿದೆ, ಆದ್ದರಿಂದ ಆ ಏಟು ಈ ಮಗುವಿನದೂ ಹೌದು. ಮಕ್ಕಳಿಬ್ಬರೂ ತಾಯಿಯ ಬಳಿ. ತಂದೆ ತಿಂಗಳಿಗೊಮ್ಮೆ, ಹಗಲು ಹೊತ್ತಿನಲ್ಲಿ, ಮಾವನ ಮನೆಗೆ ಬಂದು ನೋಡಿಹೋಗಬಹುದು.

"ಇಬ್ರೂನಾ?" ಎಂದು ಅವ್ವ ಮೂರು ಸಲ ಕೇಳಿದಳು.

"ಇಬ್ಬರೂ ಮಾರಾಯ್ತಿ! ಬೇಕಾದ್ರೆ ನನ್ನನ್ನೂ ಕರ್ಕೊಂಡು ಹೋಗು" ಎಂದರು ವಕೀಲರು.

ಅವ್ವ ಕೋಟೆಯ ಬಾಗಿಲಿನವರೆಗೆ ನೆಟ್ಟಗೆ ನಡೆದಳು. ಅಲ್ಲಿ ನಿಂತು ಗಟ್ಟಿಯಾಗಿ ನಕ್ಕಳು, ಕಣದಲ್ಲಿ ನಗುವ ಹಾಗೆ. ಮಾವ ಮಾತ್ರ ಬಿಕ್ಕಿ ಬಿಕ್ಕಿ ಅತ್ತರು. ಗೆದ್ದ ದಿನ ಅತ್ತವರು ಅವರೊಬ್ಬರೇ.

ಬಸ್ಸಿಗೆ ಮೊದಲು ಅವ್ವ ಪೇಟೆಯ ಅಂಗಡಿಗೆ ನುಗ್ಗಿ ಅರ್ಧ ಡಜನ್ ಗಾಜಿನ ಲೋಟ ತೆಗೆದುಕೊಂಡಳು. ತೆಳ್ಳಗಿನವು, ಅಂಚಿಗೆ ಹಸಿರು ಗೆರೆ. ಹುಲ್ಲಿನಲ್ಲಿ ಸುತ್ತಿಸಿ, ಸುಂಟಿಕೊಪ್ಪದವರೆಗೂ ಮಡಿಲಲ್ಲೇ ಇಟ್ಟುಕೊಂಡು ಬಂದಳು. ಅವತ್ತು ನಾವೆಲ್ಲ ಗಾಜಿನಲ್ಲಿ ಕಾಫಿ ಕುಡಿದೆವು. ಕಾಫಿಯ ಬಣ್ಣವನ್ನು ನಾನು ಪಕ್ಕದಿಂದ ನೋಡಿದ್ದು ಅದೇ ಮೊದಲು.

ಮೊದಲ ತಿಂಗಳ ಭೇಟಿಗೆ ಅಪ್ಪ ಬಂದದ್ದು ಒಂದು ಮಧ್ಯಾಹ್ನ. ನಾವು ಕಾಫಿಗೆ ಕೂತಿದ್ದೆವು, ಆರೂ ಲೋಟ ಜಗಲಿಯ ಮೇಲೆಯೇ ಇದ್ದವು. ಲೈನಿನ ತಿರುವಿನಲ್ಲಿ ಕೆಮ್ಮು ಕೇಳಿತು. ನನ್ನ ಎರಡೂ ಕೈ ತಾವಾಗಿಯೇ ಲೋಟಗಳ ಮೇಲೆ ಹೋದವು. ಅವ್ವ ನನ್ನ ಮಣಿಕಟ್ಟು ಹಿಡಿದಳು, ಕೂಡಿ ಗಟ್ಟಿಯಾದ ಅವಳ ಎಡಗೈಯಿಂದ.

"ಬಿಡು ಮಗಾ. ಅಲ್ಲೇ ಇರ್ಲಿ."

ಅಪ್ಪ ಬಂದು ಜಗಲಿಯ ತುದಿಯಲ್ಲಿ ಕೂತರು. ಚೀಲದಿಂದ ಕಿತ್ತಳೆ ತೆಗೆದು ನನಗೂ ನೀಲಾಗೂ ಸುಲಿದು ಕೊಟ್ಟರು, ನಾರೆಲ್ಲ ಬಿಡಿಸಿ. ನೀಲಾ ಬಾಗಿಲ ಮರೆಯಿಂದ ಕೈಯಷ್ಟೇ ಚಾಚಿ ತೆಗೆದುಕೊಂಡಳು. ಅವ್ವ ಹಸಿರು ಗೆರೆಯ ಲೋಟಕ್ಕೆ ಕಾಫಿ ಬಗ್ಗಿಸಿ ಅವರ ಮುಂದೆ ಇಟ್ಟು, ಅಲ್ಲೇ, ಕೈಗೆಟುಕುವ ದೂರದಲ್ಲೇ, ಕೂತು ಬೀಜ ಆರಿಸತೊಡಗಿದಳು. ಅಪ್ಪ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ನಿಧಾನವಾಗಿ ಕುಡಿದರು. ಕುಡಿದಾದ ಮೇಲೆ, ಸದ್ದಾಗದಂತೆ, ಎಲ್ಲಿಂದ ಎತ್ತಿದ್ದರೋ ಅಲ್ಲೇ ಇಟ್ಟರು. 'ಬರ್ತೀನಿ' ಎಂದು ಎದ್ದು ಹೋದರು. ನಾನು ಎಣಿಸಿದೆ. ಆರು. ಹೊತ್ತು ಮುಳುಗುವವರೆಗೂ ಆರೂ ಜಗಲಿಯ ಮೇಲೆ ಬಿದ್ದಿದ್ದವು. ನಾನು ಒಂದನ್ನೂ ಎತ್ತಿಡಲಿಲ್ಲ.